ಕೆಳಗಿನಿಂದ ಒಂದು ಓ

ತೋಳಿಗೆ ಕಟ್ಟಿದ ಪಟ್ಟಿ ಉಸಿರು ತುಂಬಿಕೊಂಡು ಬಿಗಿಯಿತು.
ಎರಡು ನಿಮಿಷ. ಅಷ್ಟರಲ್ಲಿ
ಶಿಮೆಯ ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿತು,
ಉಳಿದ ನಾಲ್ಕೂ ನೆಟ್ಟಗೆ, ಒಂದಕ್ಕೊಂದು ಅಂಟಿ,
ಸೂಲಗಿತ್ತಿ ಒಳಗೆ ಕೈಯಿಡುವ ಮೊದಲು
ಬೆರಳು ಕೂಡಿಸಿಕೊಳ್ಳುವ ಹಾಗೆ.
"ನೋವಾ?" ಅಂದೆ. ಉತ್ತರವಿಲ್ಲ.
ಅದೇನು ಹೊಸದಲ್ಲ ಬಿಡಿ.

ಮೂವತ್ತೊಂದು ವರ್ಷ ರಿಯೇಕಾ ಬಂದರಿನಲ್ಲಿ
ಹಳೆಯ ಟಗ್ ದೋಣಿಗಳ ಎಂಜಿನ್ ಕೋಣೆಯವನು.
ಮೇಲೆ ಕ್ಯಾಪ್ಟನ್ ಹಿತ್ತಾಳೆಯ ಹಿಡಿ ತಿರುವಿದರೆ
ಕೆಳಗೆ ಗಂಟೆ, ಮುಳ್ಳು ಅರ್ಧ ವೇಗಕ್ಕೆ.
ಕೆಳಗಿನವನು ತನ್ನ ಹಿಡಿಯನ್ನೂ ಅಲ್ಲಿಗೇ ತಿರುವಬೇಕು,
ಆಗ ಮೇಲೊಂದು ಗಂಟೆ:
ಕೇಳಿಸಿತು, ಓ.
ಅಲ್ಲಿ ಒಂದು ದಿನವೂ ತಪ್ಪಿದವನಲ್ಲವಂತೆ.
ಮನೆಯಲ್ಲಿ ಊಟಕ್ಕೆ ನಾಲ್ಕು ಸಲ ಕರೆಯಬೇಕು.

ಡಾಕ್ಟರ್ ಲುಚ್ಯಾ ಹಳೆಯ ಚೀಟಿಯ ಹಿಂದೆ ಚಿತ್ರ ಬರೆದಳು.
ಕುತ್ತಿಗೆಯಲ್ಲಿ ಬೇಳೆಕಾಳಿನಷ್ಟು ನಾಲ್ಕು ಗ್ರಂಥಿ.
ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವುಗಳ ಹಾರ್ಮೋನು
ಮೂತ್ರಪಿಂಡಕ್ಕೆ ಹುಕುಂ ಒಯ್ಯುತ್ತದೆ:
ಕ್ಯಾಲ್ಸಿಯಂ ಹಿಡಿದಿಡು, ಫಾಸ್ಫೇಟ್ ಹೊರಗೆ ಚೆಲ್ಲು,
ಮಲಗಿದ ವಿಟಮಿನ್ ಡಿ-ಯನ್ನು ಎಬ್ಬಿಸಿ ಕರುಳಿಗಟ್ಟು.
"ನಿಮ್ಮವರಲ್ಲಿ ಹಾರ್ಮೋನು ಸಾಲದೆಂದಲ್ಲ, ಹೆಚ್ಚೇ ಇದೆ.
ಮೂತ್ರಪಿಂಡ ಓಗೊಡುತ್ತಿಲ್ಲ."

ನಗು ತಡೆಯಲಾಗಲಿಲ್ಲ ನನಗೆ.
ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

ಕಿವುಡಲ್ಲ ಅದು.
ಹಾರ್ಮೋನು ಬಂದು ಜೀವಕೋಶದ ಕದ ತಟ್ಟುತ್ತದೆ, ಚಿಲಕವೂ ಕೈಗೆ ಸಿಗುತ್ತದೆ,
ಒಳಮನೆಗೆ ಸುದ್ದಿ ಮುಟ್ಟಿಸುವ ಕಿಣ್ವ
ಚಿಟಿಕೆ ಮೆಗ್ನೀಶಿಯಂ ಇಲ್ಲದೆ ಎದ್ದೇಳುವುದಿಲ್ಲ.
ಕದದ ಹೊರಗೆ ಕೂಗು,
ಒಲೆಯ ಹತ್ತಿರ ಮೌನ.

ಎಲ್ಲಿ ಹೋಯಿತು ಆ ಚಿಟಿಕೆ?
ಎದೆಯುರಿಗೆಂದು ಹನ್ನೊಂದು ವರ್ಷ, ದಿನಕ್ಕೊಂದು ಗುಳಿಗೆ.
ಅಂಗಡಿಯಿಂದ ತಂದವಳು ನಾನೇ,
ತಟ್ಟೆಯ ಪಕ್ಕ ನೀರಿನ ಲೋಟದೊಂದಿಗೆ ಇಟ್ಟವಳು,
ಮರೆತ ದಿನ ಗದರಿದವಳು.
ಕರುಳು ದಿನಕ್ಕಿಷ್ಟು ಕಡಿಮೆ ಹೀರುತ್ತ ಬಂತು,
ಯಾರಿಗೂ ಹೇಳದೆ.
ಡಬ್ಬಿ ಇನ್ನೂ ನನ್ನ ಕೈಚೀಲದಲ್ಲಿದೆ.
ನಡೆದರೆ ಗಲಗಲ ಅನ್ನುತ್ತದೆ.

ಬಂದ ರಾತ್ರಿ ಬೇರೆ ಡಾಕ್ಟರರು
ರಕ್ತನಾಳಕ್ಕೆ ಬರೀ ಕ್ಯಾಲ್ಸಿಯಂ ಕೊಟ್ಟಿದ್ದರು.
ಬೆರಳು ಬಿಚ್ಚಿಕೊಂಡವು. ತ್ರ್ಸಾತ್ ಗುಡ್ಡದ ಇಗರ್ಜಿಗೆ
ಎಲ್ಲ ಮೆಟ್ಟಿಲು ಹತ್ತಿ ಬರುತ್ತೇನೆಂದು ಹರಕೆ ಹೊತ್ತೆ,
ಈ ಮೊಣಕಾಲಿಟ್ಟುಕೊಂಡು.
ಬೆಳಗಿನ ಜಾವಕ್ಕೆ ಮತ್ತೆ ಸೂಲಗಿತ್ತಿಯ ಕೈ.
ತೂತು ಬಿಂದಿಗೆಗೆ ಎಷ್ಟು ಹೊಯ್ದರೆ ಏನು.

ಈಗ ಮೆಗ್ನೀಶಿಯಂ, ಹನಿ ಹನಿಯಾಗಿ.
ಮೈಯೆಲ್ಲ ಕಾವೇರಿತಂತೆ.
"ಬಾಯ್ಲರ್ ಪಕ್ಕ ನಿಂತ ಹಾಗಿದೆ" ಅಂದ.
ಎರಡು ದಿನದಲ್ಲಿ ಅವನಾಡಿದ ಮೊದಲ ಪೂರಾ ಮಾತು.
ಅರ್ಧದಷ್ಟು ಉಚ್ಚೆಯಲ್ಲೇ ಹೊರಟುಹೋಗುತ್ತದೆ
ಎಂದಳು ನರ್ಸ್ ನೆವೆಂಕಾ, ಹಾಸಿಗೆಯ ಕೆಳಗಿನ ಚೀಲದ ಗೆರೆ ನೋಡುತ್ತ,
ಅದಕ್ಕೇ ನಿಧಾನ, ಅದಕ್ಕೇ ದಿನವೂ.

ಮಾರನೆಯ ದಿನ ಏನಿಲ್ಲ.
ಅದರ ಮಾರನೆಯ ದಿನವೂ.
ಕಿಟಕಿಯಾಚೆ ಬುರಾ ಗಾಳಿ ಕ್ರೇನುಗಳ ತಂತಿ ಹಿಡಿದು ಊಳಿಟ್ಟಿತು.
ರಕ್ತ ತೆಗೆದರು, ಸಂಖ್ಯೆ ಹೇಳಿದರು,
ಬ್ರೆಡ್ಡಿನ ಚೀಲದ ಮೇಲೆ ಬರೆದಿಟ್ಟುಕೊಂಡೆ.
ರಕ್ತಕ್ಕೆ ಬಂದದ್ದು ಜೀವಕೋಶದೊಳಕ್ಕೆ ಇಳಿಯಬೇಕು,
ಅವಸರ ಸಲ್ಲದು ಅಂದಳು ಲುಚ್ಯಾ.
ನನಗೆ ಹೇಳಬೇಕೆ?
ಮದುವೆಯ ಹೊಸತರಲ್ಲಿ, ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ,
ಇವನೇ ಕಲಿಸಿದ್ದ:
ತಣ್ಣಗಿನ ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟರೆ ಸೀಳು ಬಿಡುತ್ತದೆ.

ಐದನೆಯ ಬೆಳಗ್ಗೆ ನೆವೆಂಕಾ ಮತ್ತೆ ಪಟ್ಟಿ ಕಟ್ಟಿದಳು.
ಒಂದು ನಿಮಿಷ, ಎರಡು,
ಮೂರು.
ಬೆರಳುಗಳು ಹೊದಿಕೆಯ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದವು,
ಉಗುರ ಸಂದಿಯ ಎಣ್ಣೆಕರೆ ಅಳಿಯದೆ,
ಯಾರಪ್ಪನ ಹಂಗೂ ಇಲ್ಲದೆ.

"ಶಿಮೆ," ಅಂದೆ.
ಬಂದರು ನೋಡುತ್ತಿದ್ದ.
"ಶಿಮೆ."
ಟಗ್ಗೊಂದು ಗೋಡೆ ಬಿಟ್ಟು ಹೊರಳುತ್ತಿತ್ತು.
ಮೂರನೆಯ ಸಲಕ್ಕೆ,
ಓ.